ಜಲದೂಷಣದ ದಂಡವೂ ವಿಚಾರಣೆಯ ವೆಚ್ಚವೂ

ಬೆಂಗಳೂರಿನ ದೀಪಾಂಜಲಿ ನಗರದ ಬಳಿ ಹರಿಯುವ ವೃಷಭಾವತಿಯು ಕೆಂಗೇರಿಯನ್ನು ದಾಟಿ ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಮನೆಗಳ ಕೊಳಚೆಯೂ ಕಾರ್ಖಾನೆಗಳ ಕಲ್ಮಷವೂ ಒಂದಾಗಿ ಬೆರೆತಿರುವ ಈ ಹೊಳೆಯಲ್ಲಿ ದೂಷಕನು ಇಂಥವನೇ ಎಂದು ನಿರ್ಣಯಿಸುವುದು ಸುಲಭಸಾಧ್ಯವಲ್ಲ. ಮಾದರಿಯ ಸಂಗ್ರಹ, ಪರೀಕ್ಷೆ, ವಿಚಾರಣೆ, ಇವೆಲ್ಲಕ್ಕೂ ದ್ರವ್ಯವು ವ್ಯಯವಾಗುತ್ತದೆ. ಆ ವ್ಯಯವನ್ನು ಹೊರತಕ್ಕವರು ಯಾರೆಂಬುದೇ ವಿಚಾರಣೀಯವಾದ ಅಂಶ.

ದಂಡದಲ್ಲಿ ತಾರತಮ್ಯವಿರಬೇಕೆಂಬ ತತ್ತ್ವವು ಪ್ರಾಚೀನವಾದುದು. ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಜಲಸ್ಥಾನವನ್ನು ಮಲದಿಂದ ಕೆಡಿಸಿದವನಿಗೆ ದಂಡವನ್ನೂ ಮೂತ್ರದಿಂದ ಕೆಡಿಸಿದವನಿಗೆ ಅದರ ಅರ್ಧವನ್ನೂ ವಿಧಿಸಿ, ವ್ಯಾಧಿ, ಭಯ, ಔಷಧಗಳ ನಿಮಿತ್ತವಾದುದಕ್ಕೆ ವಿನಾಯಿತಿಯನ್ನು ಹೇಳಿದ್ದಾನೆ.

1974ರ ಜಲಕಾಯಿದೆಗೆ 2024ರಲ್ಲಿ ಆದ ತಿದ್ದುಪಡಿಯು ಅನೇಕ ಅಪರಾಧಗಳಿಗೆ ಸೆರೆವಾಸದ ಬದಲು 10,000 ರೂಪಾಯಿಗಳಿಂದ 15 ಲಕ್ಷದವರೆಗಿನ ದಂಡವನ್ನು ಇಟ್ಟಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯ ಪರಿಹಾರಸೂತ್ರವಾದರೋ ಐದು ಅಂಗಗಳುಳ್ಳದ್ದು: ಮಾಲಿನ್ಯಸೂಚಿ, ದಿನಸಂಖ್ಯೆ, ರೂಪಾಯಿಯ ಗುಣಕ, ಉದ್ಯಮದ ಗಾತ್ರ, ಸ್ಥಳ. ವಿಚಾರಣೆಯ ವೆಚ್ಚವು ಇವುಗಳಲ್ಲಿ ಪ್ರತ್ಯೇಕ ಅಂಗವಾಗಿಲ್ಲ.

ಸಮಾನವಾದ ಎರಡು ಕಾರ್ಖಾನೆಗಳು ಸಮಾನ ದಿನಗಳು ನೀರನ್ನು ಕೆಡಿಸಿದುವೆಂದು ಭಾವಿಸೋಣ. ಒಂದು ಕೂಡಲೇ ಒಪ್ಪಿಕೊಂಡಿತು. ಇನ್ನೊಂದು ಮರೆಮಾಚಿ ವರ್ಷಗಟ್ಟಲೆ ವಿಚಾರಣೆಗೆ ಕಾರಣವಾಯಿತು. ಸೂತ್ರವು ಈ ಎರಡಕ್ಕೂ ಒಂದೇ ಮೊತ್ತವನ್ನು ಕೊಡುತ್ತದೆ. ಅಧಿಕ ವೆಚ್ಚವು ನಿರ್ದೋಷಿಗಳಾದ ಪ್ರಜೆಗಳ ಮೇಲೆ ಬೀಳುತ್ತದೆ. ದೂಷಕನೇ ತೆರಬೇಕೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಎತ್ತಿಹಿಡಿದ ನ್ಯಾಯವು ಇಲ್ಲಿ ಅಪೂರ್ಣವಾಗುತ್ತದೆ. ವೆಚ್ಚವನ್ನು ಸೇರಿಸಿದರೆ ಸತ್ಯವನ್ನು ಒಪ್ಪಿದವನಿಗೆ ಲಾಭವುಂಟು.

ಆದರೆ ಅಧಿಕಾರಿಯ ಆಲಸ್ಯದಿಂದ ಬೆಳೆದ ವೆಚ್ಚವು ದೂಷಕನ ಋಣವಲ್ಲ. ಆದುದರಿಂದ ಯುಕ್ತವೆಂದು ಸಿದ್ಧವಾದ ವೆಚ್ಚವನ್ನು ಮಾತ್ರ, ದಂಡದಿಂದ ಬೇರೆಯಾಗಿ ಲೆಕ್ಕಹಾಕಿ ವಸೂಲುಮಾಡುವುದು ನ್ಯಾಯ್ಯವು.