ಇವಿ ಚಾರ್ಜಿಂಗ್ ಕೇಂದ್ರ 25 ಸಾವಿರ ದಾಟಿದರೂ ಹೆದ್ದಾರಿಯಲ್ಲಿ ಕಾಯುವುದೇಕೆ? ಇಲ್ಲಿದೆ ಕಾರಣ

ಹಬ್ಬಕ್ಕೆ ಮುಂಬೈ, ಪುಣೆಯಿಂದ ಎಲೆಕ್ಟ್ರಿಕ್ ಕಾರಿನಲ್ಲಿ ಬೆಳಗಾವಿ, ಹುಬ್ಬಳ್ಳಿ ಕಡೆ ಹೊರಡುವವರಿಗೆ ಚಾರ್ಜಿಂಗ್‌ನದ್ದೇ ಚಿಂತೆ. ಕೇಂದ್ರ ಸರ್ಕಾರದ ಅಂಕಿಅಂಶದ ಪ್ರಕಾರ, 2024ರ ಡಿಸೆಂಬರ್ ವೇಳೆಗೆ ದೇಶದಲ್ಲಿ 25,202 ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿದ್ದವು. 5,765 ಕೇಂದ್ರಗಳೊಂದಿಗೆ ಕರ್ನಾಟಕವೇ ಮೊದಲ ಸ್ಥಾನದಲ್ಲಿತ್ತು. ಆದರೆ ಇವೆಲ್ಲವೂ ಫಾಸ್ಟ್ ಚಾರ್ಜರ್‌ಗಳಲ್ಲ.

ಸ್ಲೋ, ಫಾಸ್ಟ್: ವ್ಯತ್ಯಾಸವೇನು?

40 ಕಿಲೋವ್ಯಾಟ್-ಅವರ್ ಬ್ಯಾಟರಿಯನ್ನು 3.3 ಕಿಲೋವ್ಯಾಟ್‌ನ ಎಸಿ ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಲು 12 ಗಂಟೆಗೂ ಹೆಚ್ಚು ಬೇಕು. 50 ಕಿಲೋವ್ಯಾಟ್‌ನ ಡಿಸಿ ಫಾಸ್ಟ್ ಚಾರ್ಜರ್‌ನಲ್ಲಿ ಶೇ 80ರಷ್ಟು ತುಂಬಲು ಸುಮಾರು ಒಂದು ಗಂಟೆ ಸಾಕು. ಆದರೂ ಒಂದೇ ಗನ್ ಇರುವ ಕಡೆ ಮುಂದೆ ಎರಡು ಕಾರುಗಳಿದ್ದರೆ ಎರಡು ಗಂಟೆ ಕಾಯಬೇಕು. ಅದು ಕೆಟ್ಟಿದ್ದರೆ ಮುಂದಿನ ಕೇಂದ್ರವೇ ಗತಿ.

ಫಾಸ್ಟ್ ಚಾರ್ಜರ್ ಏಕೆ ಕಡಿಮೆ?

ನಾಲ್ಕು ಫಾಸ್ಟ್ ಚಾರ್ಜರ್ ಹಾಕಿದರೆ 200 ಕಿಲೋವ್ಯಾಟ್ ಲೋಡ್ ಬೇಕು. ಅದಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಅಳವಡಿಸಬೇಕಾಗುತ್ತದೆ. ಹಲವು ಕಡೆ ಕಾರು ಬರಲಿ, ಬಾರದಿರಲಿ, ಪಡೆದ ಲೋಡ್‌ಗೆ ತಿಂಗಳ ನಿಗದಿತ ಶುಲ್ಕ ಕಟ್ಟಲೇಬೇಕು. ಹಬ್ಬ, ವಾರಾಂತ್ಯದಲ್ಲಿ ಸರತಿ ಇದ್ದರೂ ಉಳಿದ ದಿನ ಖಾಲಿ ಇದ್ದರೆ ನಷ್ಟ. ಹಾಗಾಗಿ ಹೂಡಿಕೆದಾರರು ಹಿಂಜರಿಯುತ್ತಾರೆ. ಎಲೆಕ್ಟ್ರಿಕ್ ಕಾರಿಗೆ ಶೇ 5ರಷ್ಟು ಜಿಎಸ್‌ಟಿ ಇದ್ದರೆ, ಸಾರ್ವಜನಿಕ ಚಾರ್ಜಿಂಗ್ ಸೇವೆಗೆ ಶೇ 18ರಷ್ಟಿದೆ.

ಸರ್ಕಾರದ ನೆರವೇನು?

ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ 2,000 ಕೋಟಿ ರೂ. ಮೀಸಲಿಡಲಾಗಿದೆ. ಕೇಂದ್ರ ಸ್ಥಾಪನೆಗೆ ಇದು ನೆರವಾಗಬಹುದು. ಆದರೆ ನಿರ್ವಹಣೆ ಸರಿಯಿಲ್ಲದಿದ್ದರೆ ಸಂಖ್ಯೆ ಹೆಚ್ಚಿದರೂ ಪ್ರಯೋಜನವಿಲ್ಲ.

ಹೊರಡುವ ಮುನ್ನ

* ಮನೆಯಲ್ಲೇ ಪೂರ್ತಿ ಚಾರ್ಜ್ ಮಾಡಿಕೊಳ್ಳಿ.
* ಚಾರ್ಜರ್‌ನ ಕಿಲೋವ್ಯಾಟ್ ಎಷ್ಟು, ಅದು ಕೆಲಸ ಮಾಡುತ್ತಿದೆಯೇ ಎಂದು ಆ್ಯಪ್‌ನಲ್ಲಿ ನೋಡಿ.
* ಇನ್ನೊಂದು ಕೇಂದ್ರ ತಲುಪುವಷ್ಟು ಚಾರ್ಜ್ ಉಳಿಸಿಕೊಳ್ಳಿ.