ಬೆರೆತ ನೀರು ಮತ್ತೆ ಬೇರೆಯಾಗದು ಏಕೆ?

ಬಿಸಿನೀರಿಗೆ ತಣ್ಣೀರು ಸುರಿದರೆ ಹದವಾಗುತ್ತದೆ. ಹದವಾದ ನೀರು ತಾನಾಗಿಯೇ ಒಂದು ಕಡೆ ಕಾದು ಇನ್ನೊಂದು ಕಡೆ ತಣ್ಣಗಾದದ್ದನ್ನು ಯಾರೂ ಕಂಡಿಲ್ಲ. ಹಾಗೆ ಆದರೂ ಶಕ್ತಿಯ ಲೆಕ್ಕವೇನೂ ತಪ್ಪುವುದಿಲ್ಲ. ಒಂದು ಭಾಗ ಕೊಟ್ಟದ್ದನ್ನು ಇನ್ನೊಂದು ಪಡೆದಿರುತ್ತದೆ, ಅಷ್ಟೆ. ಹಾಗಾದರೆ ಅದನ್ನು ತಡೆಯುವುದು ಯಾವುದು? ಜರ್ಮನಿಯ ರುಡಾಲ್ಫ್ ಕ್ಲಾಸಿಯಸ್ 1865ರಲ್ಲಿ 'ಎಂಟ್ರೋಪಿ' ಎಂದು ಹೆಸರಿಟ್ಟ ಇನ್ನೊಂದು ಲೆಕ್ಕ.

ಎಂಟ್ರೋಪಿಯ ಏರಿಳಿತ ತಿಳಿಯಲು, ಹರಿದ ಶಾಖವನ್ನು ಆಯಾ ಕ್ಷಣದ ಕೆಲ್ವಿನ್ ಉಷ್ಣತೆಯಿಂದ ಭಾಗಿಸುತ್ತಾ ಕೂಡಿಕೊಂಡು ಹೋಗಬೇಕು. 80 ಡಿಗ್ರಿ ಸೆಲ್ಸಿಯಸ್‌ನ ಒಂದು ಕಿಲೋ ನೀರನ್ನು 20 ಡಿಗ್ರಿಯ ಒಂದು ಕಿಲೋ ನೀರಿಗೆ ಬೆರೆಸೋಣ. ಶಾಖ ಹೊರಗೆ ಸೋರದಿದ್ದರೆ ಎರಡೂ 50 ಡಿಗ್ರಿಗೆ ಬರುತ್ತವೆ. ಬಿಸಿನೀರು ಕೊಟ್ಟದ್ದು, ತಣ್ಣೀರು ಪಡೆದದ್ದು ಒಂದೇ ಮೊತ್ತ: ಸುಮಾರು 126 ಕಿಲೋಜೂಲ್. ಆದರೆ ತಣ್ಣೀರಿನ ಲೆಕ್ಕದಲ್ಲಿ ಭಾಜಕ ಚಿಕ್ಕದು. ಹಾಗಾಗಿ ಬಿಸಿನೀರಿನ ಎಂಟ್ರೋಪಿ ಕೆಲ್ವಿನ್ನಿಗೆ 372 ಜೂಲ್ ಇಳಿದರೆ, ತಣ್ಣೀರಿನದು 408 ಏರುತ್ತದೆ. ಒಟ್ಟಿನಲ್ಲಿ 36 ಹೆಚ್ಚು. ನೀರು ಮತ್ತೆ ಬೇರೆಯಾಗಬೇಕಾದರೆ ಈ 36 ಇಳಿಯಬೇಕು. ಹೊರಗಿನ ಸಂಪರ್ಕವಿಲ್ಲದ ವ್ಯವಸ್ಥೆಯಲ್ಲಿ ಒಟ್ಟು ಎಂಟ್ರೋಪಿ ಇಳಿಯದು ಎಂಬುದೇ ಉಷ್ಣಗತಿವಿಜ್ಞಾನದ ಎರಡನೆಯ ನಿಯಮ.

ಕಾರಣವನ್ನು ಬಿಡಿಸಿ ತೋರಿಸಿದವರು ಆಸ್ಟ್ರಿಯಾದ ಲುಡ್ವಿಗ್ ಬೋಲ್ಟ್ಸ್‌ಮನ್. ಶಕ್ತಿ ಎಲ್ಲ ಅಣುಗಳಲ್ಲಿ ಹರಡಿಕೊಳ್ಳಲು ಇರುವ ಬಗೆಗಳು ಎಣಿಕೆಗೆ ಸಿಗದಷ್ಟು. ಒಂದೇ ಕಡೆ ಗುಡ್ಡೆಯಾಗುವ ಬಗೆಗಳು ಅದರೆದುರು ಏನೇನೂ ಅಲ್ಲ. ಅಣುಗಳು ಗೊತ್ತುಗುರಿಯಿಲ್ಲದೆ ಡಿಕ್ಕಿ ಹೊಡೆಯುತ್ತಾ ಹೆಚ್ಚು ಬಗೆಗಳಿರುವ ಕಡೆಗೇ ಸಾಗುತ್ತವೆ.

ಇದರಿಂದ ನಮಗಾಗುವ ನಷ್ಟವೇನು? ಅದೇ ಬಿಸಿನೀರು, ತಣ್ಣೀರಿನ ನಡುವೆ ಒಂದು ಆದರ್ಶ ಎಂಜಿನ್ ಇಟ್ಟಿದ್ದರೆ, ಎರಡೂ 48.6 ಡಿಗ್ರಿಗೆ ಬರುವಷ್ಟರಲ್ಲಿ 11.7 ಕಿಲೋಜೂಲ್ ಕೆಲಸ ಸಿಗುತ್ತಿತ್ತು. 50 ಕಿಲೋ ಅಕ್ಕಿ ಮೂಟೆಯನ್ನು ಸುಮಾರು 24 ಮೀಟರ್ ಮೇಲೆತ್ತಲು ಅಷ್ಟು ಸಾಕು. ಸುಮ್ಮನೆ ಬೆರೆಸಿದಾಗ ಶಕ್ತಿ ಅಲ್ಲೇ ಉಳಿಯುತ್ತದೆ, ಈ ಅವಕಾಶ ಮಾತ್ರ ಕೈತಪ್ಪುತ್ತದೆ.

ಫ್ರಿಜ್ ಶಾಖವನ್ನು ತಣ್ಣಗಿನ ಕಡೆಯಿಂದ ಬೆಚ್ಚಗಿನ ಕಡೆಗೆ ಸಾಗಿಸುತ್ತದಲ್ಲ ಎನ್ನಬಹುದು. ನಿಜ, ಆದರೆ ಅದಕ್ಕೆ ವಿದ್ಯುತ್ ಬೇಕು. ಒಳಗೆ ಇಳಿದ ಎಂಟ್ರೋಪಿಗಿಂತ ಹೆಚ್ಚನ್ನು ಅದರ ಹಿಂಬದಿಯ ಬಿಸಿ ಕೊಳವೆಗಳು ಕೋಣೆಗೆ ಸೇರಿಸುತ್ತವೆ.

ಗೀಸರ್ ಒಂದು ಯೂನಿಟ್ ವಿದ್ಯುತ್ತನ್ನು ಒಂದು ಯೂನಿಟ್ ಶಾಖವನ್ನಾಗಿ ಮಾಡುತ್ತದೆ. ಶಕ್ತಿಯ ಲೆಕ್ಕದಲ್ಲಿ ಅದು ಬಹುತೇಕ ಪರಿಪೂರ್ಣ. ಅದೇ ವಿದ್ಯುತ್ತಿನಿಂದ ಹೀಟ್ ಪಂಪ್ ಓಡಿಸಿದರೆ, ಹೊರಗಿನ ಗಾಳಿಯ ಶಾಖವನ್ನೂ ಎಳೆದುಕೊಂಡು ಮೂರರಷ್ಟು ಶಾಖ ಕೊಡಬಲ್ಲದು. ಗೀಸರ್‌ನಲ್ಲಿ ಪೋಲಾಗುವುದು ಏನೆಂದು ಶಕ್ತಿಯ ಮೀಟರು ತೋರಿಸದು. ಎಂಟ್ರೋಪಿಯ ಲೆಕ್ಕ ತೋರಿಸುತ್ತದೆ.