ಇಸಿಎಂ ಹೋಗಿದೆ ಅನ್ನುವ ಮುಂಚೆ

ಕೋಲಾರ ಜಿಲ್ಲೆಯ ಈ ಅಂಚಿನಲ್ಲಿ ಹಳೆಯ ಎಸ್‌ಯುವಿ ಶೋಕಿಯ ಗಾಡಿಯಲ್ಲ. ಕೆಜಿಎಫ್, ಬಂಗಾರಪೇಟೆಯಿಂದ ಮುಳಬಾಗಿಲು ದಾಟಿ ತಿರುಪತಿಗೆ, ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ, ಮದುವೆ ಮುಂಜಿಗೆ ಓಡಾಡುವ ಹಳೆಯ ಸ್ಕಾರ್ಪಿಯೋ, ಸಫಾರಿ, ಇನ್ನೋವಾಗಳ ಬಾಡಿಗೆಯಲ್ಲೇ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಅಂಥ ಗಾಡಿ ಒಂದು ಬೆಳಗ್ಗೆ ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದೆ ನಿಂತರೆ, ಬಾನೆಟ್ ಎತ್ತುವ ಮೊದಲೇ ಇಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿಯ ಮೇಲೆ ತೀರ್ಪು ಬಂದುಬಿಡುತ್ತದೆ: ‘ಇಸಿಎಂ ಹೋಗಿದೆ.’ ಆ ಎರಡು ಪದಕ್ಕೆ ಹತ್ತಾರು ಸಾವಿರ ರೂಪಾಯಿ ಬೆಲೆ. ಎಷ್ಟೋ ಸಲ ಅಷ್ಟೂ ದುಡ್ಡು ಸುರಿದ ಮೇಲೂ ಗಾಡಿ ನಿಂತಲ್ಲೇ ನಿಂತಿರುತ್ತದೆ.

‘ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಇಸಿಎಂ ಕೆಟ್ಟಿದೆ’

ಮೈಕೋ ಡೀಸೆಲ್ ಪಂಪಿನ ಕಾಲದಿಂದ ಉಳಿದುಬಂದ ಅವಸರ ಇದು. ಆಗಿನ ಡೀಸೆಲ್ ಇಂಜಿನ್‌ಗೆ ಗಾಳಿ, ಡೀಸೆಲ್, ಒತ್ತಡ ಸಿಕ್ಕರೆ ಸಾಕಿತ್ತು. ಸ್ಟಾಪ್ ಸೋಲನಾಯ್ಡ್‌ಗೆ ಬ್ಯಾಟರಿಯಿಂದ ನೇರ ವೈರ್ ಎಳೆದುಕೊಂಡು ಗಾಡಿ ಮನೆ ಸೇರಿಸಿದವರು ಬೇಕಾದಷ್ಟು ಜನ. 1951ರಲ್ಲಿ ಶುರುವಾದ ಆ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಳ್ಳುವ ಹೊತ್ತಿಗೆ ನಮ್ಮ ರಸ್ತೆಗಳಿಗೆ ಕಾಮನ್ ರೈಲ್ ಇಂಜಿನ್ ಬಂದಾಗಿತ್ತು. ಇದರ ರೈಲ್‌ನಲ್ಲಿ ಒತ್ತಡ 1,600 ಬಾರ್‌ವರೆಗೂ ಏರುತ್ತದೆ. ಯಾವ ಇಂಜೆಕ್ಟರ್ ಯಾವ ಕ್ಷಣಕ್ಕೆ, ಎಷ್ಟು ಹೊತ್ತು ತೆರೆಯಬೇಕು ಎಂದು ಇಸಿಎಂ ಲೆಕ್ಕ ಹಾಕಿ ತೆರೆಸುತ್ತದೆ.

ಇಲ್ಲೇ ಮುಖ್ಯ ವಿಷಯ ಇರುವುದು. ರೈಲ್‌ನಲ್ಲಿ ಕನಿಷ್ಠ ಒತ್ತಡ ಬರದಿದ್ದರೆ ಇಸಿಎಂ ಇಂಜೆಕ್ಟರ್ ತೆರೆಯುವುದೇ ಇಲ್ಲ. ಬಹುತೇಕ ಇಂಜಿನ್‌ಗಳಲ್ಲಿ ಆ ಮಟ್ಟ 150ರಿಂದ 250 ಬಾರ್ ನಡುವೆ ಇರುತ್ತದೆ. ಸವೆದ ಇಂಜೆಕ್ಟರ್‌ನಿಂದ ಡೀಸೆಲ್ ರಿಟರ್ನ್ ಪೈಪಿಗೆ ಹರಿದುಹೋಗುತ್ತಿದ್ದರೆ, ಫಿಲ್ಟರ್‌ನಲ್ಲಿ ಗಾಳಿ ಹಿಡಿದಿದ್ದರೆ, ಕ್ರ್ಯಾಂಕ್ ಸೆನ್ಸರ್‌ನ ಸಿಗ್ನಲ್ ಬಾರದಿದ್ದರೆ, ಕೀಲಿಯೊಳಗಿನ ಚಿಪ್ ಓದಲಾಗದಿದ್ದರೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇಷ್ಟರಲ್ಲೂ ಇಸಿಎಂ ಸರಿಯಾಗೇ ಇದೆ. ತನ್ನ ಕೆಲಸವನ್ನೇ ಮಾಡುತ್ತಿದೆ.

ಇಸಿಎಂ ಮೇಲೆ ಅನುಮಾನ ಪಡಬೇಕಾದ ಲಕ್ಷಣ ಬೇರೆ. ಕೀ ಆನ್ ಮಾಡಿದಾಗ ಚೆಕ್ ಲೈಟ್ ಹತ್ತುವುದೇ ಇಲ್ಲ, ಸ್ಕ್ಯಾನರ್ ಹಾಕಿದರೆ ಇಂಜಿನ್ ಕಡೆಯಿಂದ ಉತ್ತರವೇ ಇಲ್ಲ. ಆಗಲೂ ಮೊದಲು ನೋಡಬೇಕಾದದ್ದು ಅದಕ್ಕೆ ಕರೆಂಟ್ ಬರುತ್ತಿದೆಯೇ, ಅರ್ತ್ ಗಟ್ಟಿಯಾಗಿದೆಯೇ ಎಂದು. ಹತ್ತು ಹದಿನೈದು ವರ್ಷದ ಗಾಡಿಯಲ್ಲಿ ಬ್ಯಾಟರಿ ತಟ್ಟೆಯ ಪಕ್ಕದ ಅರ್ತ್ ಬೋಲ್ಟನ್ನು ಬಿಚ್ಚಿ ನೋಡಿ: ರಿಂಗ್ ಟರ್ಮಿನಲ್‌ನ ಕೆಳಗೆ ಹಸಿರು ಬಿಳಿ ಕಿಲುಬು ಪುಡಿ, ಅದರಡಿ ತುಕ್ಕು, ವೈರಿನ ಪ್ಲಾಸ್ಟಿಕ್ ಸುಲಿದರೆ ಒಳಗಿನ ತಾಮ್ರ ಕಪ್ಪು. ಮೇಲಿಂದ ಕಂಡಾಗ ಬೋಲ್ಟ್ ಬಿಗಿಯಾಗೇ ಇರುತ್ತದೆ.

ಈ ಅರ್ತನ್ನು ಓಮ್‌ನಲ್ಲಿ ಅಳೆದರೆ ಮೋಸ ಹೋಗುತ್ತೀರಿ. ಮಲ್ಟಿಮೀಟರ್ ಹರಿಸುವ ಕರೆಂಟ್ ಅಷ್ಟೇ ಅಷ್ಟು. ಒಂದೇ ಎಳೆ ಉಳಿದಿದ್ದರೂ ಅರ್ತ್ ಸರಿ ಎಂದೇ ತೋರಿಸುತ್ತದೆ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಇಸಿಎಂ ಕಪ್ಲರ್‌ನ ಅರ್ತ್ ಪಿನ್ ಮೇಲೆ ಹಿಡಿದು ಸೆಲ್ಫ್ ಹೊಡೆಸಬೇಕು. 0.1, 0.2 ವೋಲ್ಟ್ ಬಂದರೆ ಸರಿ. ಅರ್ಧ ವೋಲ್ಟ್ ದಾಟಿದರೆ ದೋಷ ಅಲ್ಲೇ ಇದೆ. ಉಪ್ಪುಕಾಗದ, ಹೊಸ ಟರ್ಮಿನಲ್ ಸಾಕು. ಹಾಗೆಯೇ ಸೆಲ್ಫ್ ಹೊಡೆಯುವಾಗ ಬ್ಯಾಟರಿ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿಯುತ್ತಿದ್ದರೆ ಮೊದಲು ಬ್ಯಾಟರಿಯ ಕಡೆ ನೋಡಿ.

ಇನ್ನೊಂದು ಪರೀಕ್ಷೆಯನ್ನು ಬಿಡಲೇಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಇಸಿಎಂ ಹಲವು ಸೆನ್ಸರ್‌ಗಳಿಗೆ ಹಂಚಿಕೆಯಾಗಿ 5 ವೋಲ್ಟ್ ಕೊಡುತ್ತದೆ. ಒಂದು ಸೆನ್ಸರ್ ಒಳಗೇ ಶಾರ್ಟ್ ಆದರೆ ಆ 5 ವೋಲ್ಟ್ ನೆಲಕಚ್ಚಿ ಅದೇ ಲೈನಿನ ಬೇರೆ ಸೆನ್ಸರ್‌ಗಳೂ ಕೆಟ್ಟಂತೆ ಕಾಣುತ್ತವೆ. ಒಂದೊಂದೇ ಕಪ್ಲರ್ ಬಿಚ್ಚುತ್ತಾ ಬನ್ನಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೋ ಅದೇ ಅಪರಾಧಿ.

‘ಸ್ಕ್ಯಾನರ್ ಹೇಳಿದ ಮೇಲೆ ಮುಗೀತು’

ಸ್ಕ್ಯಾನರ್ ಹೇಳುವುದು ತೊಂದರೆ ಯಾವ ಸರ್ಕ್ಯೂಟ್‌ನಲ್ಲಿದೆ ಎಂದು, ಯಾವ ಪಾರ್ಟ್ ಬದಲಿಸಬೇಕು ಎಂದಲ್ಲ. ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರ್ ಕೆಟ್ಟಿರಬಹುದು, ಇಲಿ ಅದರ ವೈರ್ ಕಡಿದಿರಲೂಬಹುದು. ಪಿ0606 ಇಸಿಎಂನ ಪ್ರೊಸೆಸರನ್ನೇ ಬೊಟ್ಟು ಮಾಡುತ್ತದೆ ನಿಜ, ಆದರೂ ಕರೆಂಟ್ ಮತ್ತು ಅರ್ತ್ ನೋಡದೆ ಅದನ್ನೂ ನಂಬುವಂತಿಲ್ಲ.

ಈ ಅಳತೆಗಳಿಗಾಗಿ ಗಾಡಿಯನ್ನು ಟೋಯಿಂಗ್ ಮಾಡಿಸಿಕೊಂಡು ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಒಯ್ಯಬೇಕಾಗಿಲ್ಲ. ಶಿವನಸಮುದ್ರದ ವಿದ್ಯುತ್ 1902ರಲ್ಲೇ ಬಂದ ಊರು ಕೆಜಿಎಫ್. ಇಲ್ಲಿನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿಯಲ್ಲಿ, 1964ರಲ್ಲಿ ಹುಟ್ಟಿದ ಬೆಮೆಲ್ ಕಾರ್ಖಾನೆಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಕೆಲಸ ಕಲಿತವರ ಕಸುಬು ಮುಚ್ಚಿಲ್ಲ. ಅಳೆದು ಮಾತಾಡುವ ಕೈ ಇಲ್ಲೇ ಸಿಗುತ್ತದೆ, ಹುಡುಕಬೇಕು ಅಷ್ಟೆ.

‘ಅದೇ ಮಾಡೆಲ್‌ದು ಸೆಕೆಂಡ್ ಹ್ಯಾಂಡ್ ತಂದು ಸಿಕ್ಕಿಸಿದ್ರೆ ಸಾಕು’

ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ಗುಜರಿಯಿಂದಲೋ ಕಡಿಮೆ ಬೆಲೆಗೆ ಒಂದು ಇಸಿಎಂ ಬರುತ್ತದೆ. ಕಪ್ಲರ್ ಸರಿಯಾಗಿ ಕೂರುತ್ತದೆ. ಸ್ಟಾರ್ಟ್ ಆಗುವುದಿಲ್ಲ, ಅಥವಾ ಸ್ಟಾರ್ಟ್ ಆಗಿ ತಕ್ಷಣ ನಿಲ್ಲುತ್ತದೆ. ಇಮ್ಮೊಬಿಲೈಸರ್ ಇರುವ ಗಾಡಿಯಲ್ಲಿ ಕೀಲಿಗೂ ಇಸಿಎಂಗೂ ಗುರುತಿನ ಒಪ್ಪಂದ ಇರುತ್ತದೆ. ಬೇರೆ ಗಾಡಿಯ ಇಸಿಎಂ ನಿಮ್ಮ ಕೀಲಿಯನ್ನು ಕಳ್ಳನ ಕೀಲಿ ಎಂದೇ ತಿಳಿಯುತ್ತದೆ.

ಹೊರಗೆ ಒಂದೇ ಮಾಡೆಲ್ ಆದರೂ ಒಳಗಿನ ಸಾಫ್ಟ್‌ವೇರ್ ಬೇರೆ ಇರಬಹುದು. ಬಿಎಸ್-3ರದ್ದೂ ಬಿಎಸ್-4ರದ್ದೂ ಒಂದಲ್ಲ. ಲೇಬಲ್ ಮೇಲಿನ ನಂಬರ್ ಪೂರ್ತಿ ಹೊಂದಬೇಕು. ಬಾಷ್‌ನ ಡೀಸೆಲ್ ಇಸಿಎಂ ನಂಬರ್ 0281ರಿಂದ ಶುರುವಾಗುತ್ತದೆ. ವ್ಯತ್ಯಾಸ ಇರುವುದು ಕೊನೆಯ ಅಂಕಿಗಳಲ್ಲಿ. ಅಷ್ಟಾದರೂ ಇಂಜೆಕ್ಟರ್ ಕೋಡ್ ಉಳಿಯುತ್ತದೆ. ಕಾರ್ಖಾನೆಯಲ್ಲಿ ಪ್ರತಿ ಇಂಜೆಕ್ಟರನ್ನೂ ಪರೀಕ್ಷಿಸಿ, ಅದು ಎಷ್ಟು ಹೆಚ್ಚು ಕಡಿಮೆ ಡೀಸೆಲ್ ಬಿಡುತ್ತದೆ ಎಂಬುದನ್ನು ಅಕ್ಷರ ಅಂಕಿಗಳ ಕೋಡ್ ಆಗಿ ಅದರ ತಲೆಯ ಮೇಲೆ ಅಚ್ಚು ಹಾಕಿರುತ್ತಾರೆ. ಕೋಡ್ ಕೇಳುವ ಗಾಡಿಗಳಲ್ಲಿ ಅದನ್ನು ಸಿಲಿಂಡರ್ ಪ್ರಕಾರ ಹೊಸ ಇಸಿಎಂಗೆ ತುಂಬದಿದ್ದರೆ ಐಡಲ್‌ನಲ್ಲಿ ನಡುಕ, ಹೊಗೆ, ಮೈಲೇಜ್ ಇಳಿತ. ಡಬ್ಬಿ ಒಡೆದು ತೆಗೆದ ಹೊಸ ಇಸಿಎಂಗೂ ಈ ಕೆಲಸ ತಪ್ಪಿದ್ದಲ್ಲ: ಸಾಫ್ಟ್‌ವೇರ್ ತುಂಬಬೇಕು, ಕೀಲಿ ಕಲಿಸಬೇಕು.

ಹಳೆಯ ಇಸಿಎಂನೊಳಗಿನ ಮೆಮೊರಿ ಓದಲು ಬಂದರೆ, ಅದರ ಡೇಟಾವನ್ನು ಅದೇ ನಂಬರಿನ ಇನ್ನೊಂದಕ್ಕೆ ಕ್ಲೋನ್ ಮಾಡಬಹುದು. ಆಗ ಕೀಲಿಯೂ ಕೋಡ್‌ಗಳೂ ಜೊತೆಗೇ ಬರುತ್ತವೆ. ಆದ್ದರಿಂದ ಕೆಟ್ಟ ಇಸಿಎಂ ಅನ್ನು ಎಕ್ಸ್‌ಚೇಂಜ್ ಎಂದು ಯಾರಾದರೂ ಕೇಳಿದರೆ ದಯವಿಟ್ಟು ಕೊಡಬೇಡಿ. ನಿಮ್ಮ ಗಾಡಿಯ ಗುರುತು ಅದರೊಳಗೇ ಇದೆ.

‘ಇಸಿಎಂ ರಿಪೇರಿ ಆಗಲ್ಲ, ಬಿಸಾಕೋದೇ’

ಸುಟ್ಟ ಡ್ರೈವರ್ ಟ್ರಾನ್ಸಿಸ್ಟರ್, ಸೋರಿದ ಕೆಪಾಸಿಟರ್, ಬಿರುಕು ಬಿಟ್ಟ ಬೆಸುಗೆ, ಇವೆಲ್ಲ ಬೋರ್ಡ್ ಮಟ್ಟದಲ್ಲಿ ರಿಪೇರಿಯಾಗುತ್ತವೆ. ಬೆಂಗಳೂರಿನಲ್ಲಿ ಇದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ನೀರು ಇಳಿದು ಬೋರ್ಡಿನ ಒಳಪದರ ತಿಂದುಹೋಗಿದ್ದರೆ ಮಾತ್ರ ದುಡ್ಡು ದಂಡ.

‘ಹೊಸದು ಹಾಕಿದ ಮೇಲೆ ನಿಶ್ಚಿಂತೆ’

ಮೊದಲನೆಯದನ್ನು ಕೊಂದದ್ದು ಯಾವುದು ಎಂದು ಕಂಡುಹಿಡಿಯದಿದ್ದರೆ ಎರಡನೆಯದೂ ಅದೇ ದಾರಿ ಹಿಡಿಯುತ್ತದೆ. ಇಂಜೆಕ್ಟರ್ ಕಾಯಿಲ್‌ನಲ್ಲಿ ಶಾರ್ಟ್ ಇದ್ದರೆ ಹೊಸ ಇಸಿಎಂ ಕೀ ತಿರುಗಿಸಿದ ಕ್ಷಣದಲ್ಲೇ ಸುಡಬಹುದು. ನನಗೆ ಅತಿ ಸಂಕಟ ತರುವುದು ಡೈನಮೋ ಪರೀಕ್ಷೆಯ ಹಳೇ ವಿಧಾನ: ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು, ‘ನೋಡಿ, ಆಫ್ ಆಗ್ಲಿಲ್ಲ, ಡೈನಮೋ ಚೆನ್ನಾಗಿದೆ’ ಅನ್ನುವುದು. ಹಳೇ ಜೀಪಿಗೆ ಅದು ನಡೆಯುತ್ತಿತ್ತು. ಇಲ್ಲಿ ಬ್ಯಾಟರಿ ಕಳಚಿದ ಗಳಿಗೆಗೆ ಡೈನಮೋದಿಂದ ಹಲವು ಹತ್ತು ವೋಲ್ಟ್‌ಗಳ ಹೊಡೆತ ನೇರ ಇಸಿಎಂಗೆ ಬೀಳುತ್ತದೆ. ಇಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಮೀಟರ್ ಇಟ್ಟು 13.8ರಿಂದ 14.5 ವೋಲ್ಟ್ ಇದೆಯೇ ನೋಡಿದರೆ ಪರೀಕ್ಷೆ ಮುಗಿಯಿತು.

ಬಂಪರ್, ಸೈಲೆನ್ಸರ್, ಕ್ಯಾರಿಯರ್‌ಗೆ ವೆಲ್ಡಿಂಗ್ ಮಾಡಿಸುವ ಮುಂಚೆ ಬ್ಯಾಟರಿ ಕಳಚಿಸಿ, ಇಸಿಎಂ ಕಪ್ಲರನ್ನೂ ಬಿಚ್ಚಿಸಿ. ವಾಟರ್ ಸರ್ವೀಸಿನ ಪ್ರೆಷರ್ ನೀರನ್ನು ಇಸಿಎಂ ಇರುವ ಮೂಲೆಗೆ ಬಿಡಿಸಬೇಡಿ.

‘ಇನ್ಶೂರೆನ್ಸ್ ಕೊಡುತ್ತೆ ಬಿಡಿ’

ಕೊಡುವುದಿಲ್ಲ. ನಮ್ಮ ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಸವಕಳಿ, ಯಾಂತ್ರಿಕ ಮತ್ತು ವಿದ್ಯುತ್ ದೋಷಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿದ್ದಾರೆ. ಸಮಗ್ರ ಪಾಲಿಸಿ ಇದ್ದು, ಅಪಘಾತದ ಏಟಿನಿಂದ ಹಾಳಾಗಿದ್ದರೆ ಮಾತು ಬೇರೆ. ಆಗ ಗಾಡಿ ಬಿಚ್ಚಿಸುವ ಮೊದಲೇ ಸರ್ವೇಯರ್‌ಗೆ ತೋರಿಸಬೇಕು. ಕೈಯಿಂದಲೇ ಖರ್ಚು ಮಾಡಿದರೂ ಇಸಿಎಂ ನಂಬರ್ ಬರೆದ ಬಿಲ್ ಕೇಳಿ ತೆಗೆದುಕೊಳ್ಳಿ, ಕದ್ದ ಗಾಡಿಯ ಮಾಲು ನಿಮ್ಮ ಬಾನೆಟ್ ಕೆಳಗೆ ಬಂದು ಕೂರದಿರಲಿ. ಕೋಡಿಂಗ್ ಮಾಡಿದವರಿಂದ ಇಸಿಎಂಗೆ ತುಂಬಿದ ಫೈಲಿನ ಒಂದು ಪ್ರತಿಯನ್ನೂ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಆರ್‌ಸಿ ಪುಸ್ತಕದ ಜೊತೆ ಇಟ್ಟುಕೊಳ್ಳಿ.